ಮಳೆಗೆ ಮುಂಚೆ ಮನೆಗೆ ಬಂದ ಬೈಕು

ಎರಡು ವರ್ಷದ ಹಿಂದೆ ಮಗನ ಪಿಯುಸಿ ಫಲಿತಾಂಶ ಬಂದ ದಿನವೇ ನಮ್ಮ ಮನೆಯಲ್ಲಿ ಬೈಕಿನ ಮಾತು ಶುರುವಾಯಿತು. ಅಂಕ ಚೆನ್ನಾಗಿತ್ತು. ಕೊಲ್ಲಿಯಲ್ಲಿರುವ ಅವನ ತಂದೆ ಫೋನಿನಲ್ಲೇ ಹೂಂ ಎಂದುಬಿಟ್ಟರು. ಅತ್ತೆಯವರೂ ಮೊಮ್ಮಗನ ಪಕ್ಷ. ಕಾಲೇಜು ಕಾರ್ಕಳದಲ್ಲಿ, ಆದಿ ಉಡುಪಿಯಿಂದ ಬಸ್ಸು ಬದಲಿಸಿ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ ಎಂಬ ವಾದ. ಬೈಕಿನ ವಿಷಯದಲ್ಲಿ ನಮ್ಮಂಥ ಹೆಂಗಸರನ್ನು ಯಾರೂ ಕೇಳುವುದಿಲ್ಲ. ಬಣ್ಣ ಯಾವುದಿರಲಿ ಎಂದು ಕೇಳಿದರೆ ಅದೇ ದೊಡ್ಡ ಮರ್ಯಾದೆ! ಆದರೆ ಸಹಿ ಹಾಕುವಾಗ ನಮ್ಮ ನೆನಪಾಗುತ್ತದೆ. ಗಂಡ ಊರಲ್ಲಿಲ್ಲ, ಮಗನಿಗೆ ಹದಿನೆಂಟು ತುಂಬಿಲ್ಲ, ಹಾಗಾಗಿ ಆರ್.ಸಿ. ಉಮ್ಮನ ಹೆಸರಿಗೆ. ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಹೀಗಾಗಿಲ್ಲ ಹೇಳಿ?

ಆ ಸಹಿಯ ಭಾರ ಎಷ್ಟೆಂದು ತಿಳಿದರೆ ಪೆನ್ನು ಕೈಯಿಂದ ಜಾರೀತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತ ಮಕ್ಕಳು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲಿಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ನನಗೆ ಗೊತ್ತಿಲ್ಲದೆ ಕೀಲಿ ಕೊಂಡುಹೋದ’ ಎನ್ನಬಹುದು, ಆದರೆ ಅದನ್ನು ಸಾಬೀತುಪಡಿಸಬೇಕಾದವರೂ ನಾವೇ. ಕರ್ನಾಟಕದ ಹಲವು ನ್ಯಾಯಾಲಯಗಳು ತಂದೆತಾಯಿಗಳಿಗೆ ಈ ದಂಡ ವಿಧಿಸಿವೆ. ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದೆ ಎನ್ನುವವರಿದ್ದಾರೆ. ಅದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ನಾವು ಅಂಗಡಿಯಲ್ಲಿ ನೋಡುವ ಪೆಟ್ರೋಲ್ ಸ್ಕೂಟರುಗಳೆಲ್ಲ ಹೆಚ್ಚುಕಡಿಮೆ ನೂರು ಸಿಸಿ ದಾಟಿದವು.

ಇನ್ನೊಂದು ಮಾತು ಹೆಚ್ಚಿನವರಿಗೆ ತಿಳಿದಿಲ್ಲ. ವಿಮೆಯ ಜೊತೆ ಕೊಳ್ಳುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇರುವುದು ಲೈಸೆನ್ಸ್ ಇರುವ ಮಾಲಿಕ ತಾನೇ ಓಡಿಸುವಾಗ. ಬೈಕು ಉಮ್ಮನ ಹೆಸರಲ್ಲಿದ್ದು ಮಗ ಬಿದ್ದರೆ ಅದು ಅವನಿಗೆ ಸಿಗುವುದಿಲ್ಲ.

ಆದ್ದರಿಂದ ನಾನು ಹಟ ಹಿಡಿದೆ. ಮೊದಲು ಲೈಸೆನ್ಸ್, ಆಮೇಲೆ ಬೈಕು, ಅದೂ ಅವನದೇ ಹೆಸರಿಗೆ. ಒಂದು ವರ್ಷ ಮನೆಯಲ್ಲಿ ನಾನೇ ಖಳನಾಯಕಿ! ಹದಿನೆಂಟು ತುಂಬಿದ ಮೇಲೆ ಎಲ್.ಎಲ್.ಆರ್., ಮೂವತ್ತು ದಿನ ಕಳೆದು ಪರೀಕ್ಷೆ. ಕಳೆದ ಮೇ ತಿಂಗಳ ಕೊನೆಗೆ ಬೈಕು ಬಂತು. ಆಕಾಶದಲ್ಲಿ ಮೋಡ ಕಟ್ಟಿತ್ತು.

ಅವನಿಗೆ ಬೇಕಾಗಿದ್ದುದು ದೊಡ್ಡದು. ನಾನು ನೂರ ಇಪ್ಪತ್ತೈದು ಸಿಸಿ ಸಾಕೆಂದೆ. ನೂರು, ನೂರ ಇಪ್ಪತ್ತೈದು ಸಿಸಿಯ ಬೈಕುಗಳು ಸಾಮಾನ್ಯವಾಗಿ 110ರಿಂದ 125 ಕಿಲೋ ತೂಗುತ್ತವೆ. ಬುಲೆಟ್ 350 ಆದರೆ 190ಕ್ಕೂ ಹೆಚ್ಚು. ಓಡುವಾಗ ತೂಕ ತಿಳಿಯುವುದಿಲ್ಲ. ಕೆಸರಿನಲ್ಲಿ ನಿಲ್ಲಿಸುವಾಗ, ತಿರುಗಿಸುವಾಗ ತಿಳಿಯುತ್ತದೆ. ಸೀಟಿನಲ್ಲಿ ಕೂತು ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ತುದಿಬೆರಳಲ್ಲಿ ನಿಲ್ಲುವ ಬೈಕು ಬೇಡ. ಬ್ರೇಕಿನ ವಿಷಯದಲ್ಲಿ ಮಾತ್ರ ಮಗನ ವಾದವೇ ಸರಿ ಎನಿಸಿತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಕೆಳಗಿನವುಗಳಿಗೆ ಸಿಬಿಎಸ್ ಇದ್ದರೂ ಸಾಕೆಂಬ ನಿಯಮ ಬಂತು. ಸಿಬಿಎಸ್ ಎಂದರೆ ಒಂದು ಬ್ರೇಕು ಹಿಡಿದರೆ ಎರಡೂ ಚಕ್ರಕ್ಕೆ ಹಂಚಿ ಹೋಗುವುದು. ಎಬಿಎಸ್ ಎಂದರೆ ಗಾಬರಿಯಲ್ಲಿ ಗಟ್ಟಿಯಾಗಿ ಹಿಡಿದರೂ ಚಕ್ರ ಬಿಗಿದು ಜಾರದಂತೆ ತಡೆಯುವುದು. ನಮ್ಮ ಮಳೆಗೆ ಎರಡನೆಯದೇ ವಾಸಿ. 125 ಸಿಸಿಯಲ್ಲೂ ಅದಿರುವ ಕೆಲವು ಬೈಕುಗಳಿವೆ. ಸ್ವಲ್ಪ ಹೆಚ್ಚು ಕೊಟ್ಟು ಅಂಥದ್ದನ್ನೇ ತಂದೆವು.

ತಂದ ವಾರದಲ್ಲೇ ಅವನು ಹಿಂಚಕ್ರದ ಸೀರೆ ಗಾರ್ಡ್ ಬಿಚ್ಚಲು ಹೊರಟ. ‘ಲುಕ್ ಹೋಗುತ್ತದೆ ಉಮ್ಮಾ’ ಅಂತೆ. ನಾನು ಸ್ಪ್ಯಾನರ್ ಕಿತ್ತುಕೊಂಡೆ. ಅದಕ್ಕೆ ಕಾರಣ ನನ್ನ ಮೊಣಕಾಲಿನಲ್ಲಿದೆ. ಹಲವು ವರ್ಷಗಳ ಹಿಂದೆ ಕಾಪುವಿನ ಒಂದು ಮದುವೆಗೆ ಹೊರಟಿದ್ದೆವು. ಗಾರ್ಡ್ ಇಲ್ಲದ ಬೈಕು, ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದ ನಾನು. ಕಟಪಾಡಿ ದಾಟಿರಲಿಲ್ಲ, ಬುರ್ಖಾದ ಅಂಚು ಚಕ್ರಕ್ಕೆ ಸುತ್ತಿತು. ಯಾರೋ ಕೆಳಗಿನಿಂದ ಎಳೆದಂತೆ. ವೇಗ ಕಡಿಮೆಯಿತ್ತು, ಐದು ಹೊಲಿಗೆಯಲ್ಲಿ ಮುಗಿಯಿತು. ಕತ್ತಿಗೆ ಸುತ್ತಿದ ದುಪಟ್ಟಾ ಆಗಿದ್ದರೆ? ಹಿಂದೆ ಕೂರುವವರ ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅದು ನಮಗಾಗಿಯೇ ಇರುವ ನಿಯಮ. ಹತ್ತುವ ಮೊದಲು ಬಗ್ಗಿ ನೋಡಿ, ಅಂಚನ್ನು ಮಡಚಿ ತೊಡೆಯ ಕೆಳಗೆ ಸೇರಿಸಿ. ಸಾಧ್ಯವಾದರೆ ಎರಡೂ ಬದಿಗೆ ಕಾಲು ಹಾಕಿ ಕೂರಿ. ಮಳೆ ಬಂತೆಂದು ಹಿಂದೆ ಕುಳಿತು ಕೊಡೆ ಮಾತ್ರ ಬಿಡಿಸಬೇಡಿ. ಗಾಳಿಗೆ ಅದು ಹಾಯಿಯಾಗುತ್ತದೆ.

ಹೆಲ್ಮೆಟ್ಟಿನ ವಿಷಯಕ್ಕೆ ಬರೋಣ. ದಂಡ ತಪ್ಪಿಸುವ ಟೊಪ್ಪಿಯಂಥ ಹೆಲ್ಮೆಟ್ಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. 2021ರ ಜೂನ್‌ನಿಂದ ಐಎಸ್ಐ ಗುರುತಿಲ್ಲದ್ದನ್ನು ಮಾರುವುದೇ ಅಪರಾಧ; ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. ಕೆನ್ನೆಗೆ ಸ್ವಲ್ಪ ಒತ್ತಬೇಕು, ತಲೆ ಅಲ್ಲಾಡಿಸಿದರೆ ಅದು ಬೇರೆಯಾಗಿ ತಿರುಗಬಾರದು. ಒಳಗಿನ ಥರ್ಮಾಕೋಲ್ ಪದರವೇ ಪೆಟ್ಟನ್ನು ನುಂಗುವುದು. ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಅದರ ಕೆಲಸ ಮುಗಿದಿರುತ್ತದೆ. ಹುಡುಗರು ದಪ್ಪ ಟೊಪ್ಪಿಯ ಮೇಲೆ ಹೆಲ್ಮೆಟ್ ಹಾಕುವುದು ಬೇಡ, ಟೊಪ್ಪಿ ಜೇಬಿನಲ್ಲಿರಲಿ. ಹುಡುಗಿಯರಿಗೆ ಒಂದು ಕಿವಿಮಾತು: ಹಿಜಾಬಿನ ಪಿನ್ನು ಹೆಲ್ಮೆಟ್ಟಿನ ಒಳಗೆ ಬೇಡವೇ ಬೇಡ. ಬಿದ್ದರೆ ಅದು ಎಲ್ಲಿ ಚುಚ್ಚೀತು ಯೋಚಿಸಿ. ಪಿನ್ನಿಲ್ಲದ ತೆಳ್ಳನೆಯ ಹತ್ತಿಯ ಸ್ಕಾರ್ಫ್ ಸಾಕು, ತುರುಬು ಕೆಳಗೆ ಇಳಿದಿರಲಿ. ಎಳೆ ಮಕ್ಕಳಿಗೂ ನಿಯಮವಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗು ಇದ್ದರೆ ಹೆಲ್ಮೆಟ್, ದೊಡ್ಡವರಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ವೇಗ 40 ಕಿ.ಮೀ. ಮೀರಬಾರದು. 2023ರ ಫೆಬ್ರವರಿಯಿಂದ ಇದು ಜಾರಿಯಲ್ಲಿದೆ.

ಇನ್ನು ಮಳೆ. ನಾನೂ ಆರು ವರ್ಷದಿಂದ ಸ್ಕೂಟರಿನಲ್ಲಿ ಕಾಪುವಿನ ಶಾಲೆಗೆ ಹೋಗಿ ಬರುತ್ತೇನೆ, ಹಾಗಾಗಿ ಇದು ಪುಸ್ತಕದ ಮಾತಲ್ಲ. ಜೋರು ಮಳೆಗಿಂತ ಮೊದಲ ಮಳೆ ಅಪಾಯ. ಏಳೆಂಟು ತಿಂಗಳು ರಸ್ತೆಗೆ ಸೋರಿದ ಎಣ್ಣೆ, ಕೂತ ಧೂಳು ಮೊದಲ ಹನಿಗಳಿಗೆ ಮೇಲೆದ್ದು ಸಾಬೂನಿನಂತಾಗುತ್ತದೆ. ಮಳೆ ಶುರುವಾದ ಹತ್ತು ಹದಿನೈದು ನಿಮಿಷ ಎಲ್ಲಾದರೂ ನಿಲ್ಲುವುದೇ ಒಳ್ಳೆಯದು, ರಸ್ತೆ ತೊಳೆದುಹೋಗಲಿ. ನಮ್ಮ ಆದಿ ಉಡುಪಿ-ಮಲ್ಪೆ ರಸ್ತೆಗೆ ಇನ್ನೊಂದು ಉಪದ್ರವವಿದೆ: ಮೀನಿನ ಲಾರಿಯಿಂದ ಸುರಿಯುವ ನೀರು. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಅದು ಕಡಿಮೆ. ಆಗಸ್ಟ್‌ನಲ್ಲಿ ಬೋಟುಗಳು ಇಳಿದಾಗ ಮಳೆಯೂ ಇರುತ್ತದೆ, ಮೀನಿನ ನೀರೂ ಇರುತ್ತದೆ. ಹೊಸಬರು ಎರಡು ತಿಂಗಳಲ್ಲಿ ಮಳೆಗೆ ಪಳಗಿದೆವೆಂದು ಧೈರ್ಯ ಮಾಡುವುದೂ ಆಗಲೇ. ಲಾರಿಯ ಹಿಂದೆಯೇ ಅಂಟಿಕೊಂಡು ಹೋಗಬಾರದು.

ಹೆದ್ದಾರಿ 66ರಲ್ಲಿ ಉದ್ಯಾವರ ಸೇತುವೆಯ ಮೇಲೆ ಕಡಲ ಗಾಳಿ ಒಮ್ಮೆಗೇ ಪಕ್ಕದಿಂದ ತಳ್ಳುತ್ತದೆ. ಹ್ಯಾಂಡಲ್ ಬಿಗಿಹಿಡಿದು ಸೆಣಸಬಾರದು, ವೇಗ ಇಳಿಸಿ ಲೇನಿನ ನಡುವೆ ಹೋಗಬೇಕು. ಸೇತುವೆಯ ಕಬ್ಬಿಣದ ಜೋಡಣೆ, ರಸ್ತೆಯ ಬಿಳಿ ಪಟ್ಟಿ, ಚರಂಡಿಯ ಮುಚ್ಚಳ ಇವೆಲ್ಲ ನೆನೆದಾಗ ಜಾರುತ್ತವೆ. ಅವುಗಳ ಮೇಲೆ ಬ್ರೇಕು ಬೇಡ, ವಾಲುವುದೂ ಬೇಡ. ಮಗನ ದಾರಿ ಬೇರೆ: ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳ. ಅಲ್ಲಿ ಇಳಿಜಾರು, ತಿರುವು, ಮರದ ನೆರಳಲ್ಲಿ ಒಣಗದ ಎಲೆ, ಕೆಂಪು ಮಣ್ಣು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಬ್ರೇಕು ತಿರುವಿಗೆ ಮುಂಚೆ, ತಿರುವಿನೊಳಗಲ್ಲ. ಹೊಸಬರು ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನೇ ತುಳಿಯುತ್ತಾರೆ. ಹೆಚ್ಚು ನಿಲ್ಲಿಸುವುದು ಮುಂದಿನದೇ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಡಿದು ಬಿಗಿ ಮಾಡುತ್ತಾ ಹೋಗಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಯೋಚಿಸುವಷ್ಟರಲ್ಲಿ ಬೈಕು 16 ಮೀಟರ್ ದಾಟಿರುತ್ತದೆ. ನೀರು ನಿಂತಲ್ಲಿ ಹಾದುಬಂದರೆ ಬ್ರೇಕನ್ನು ಎರಡು ಮೂರು ಸಲ ಹಗುರವಾಗಿ ಒತ್ತಿ ಒಣಗಿಸಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಿಗೆ ಭಾನುವಾರ ಗೆಳೆಯರೊಂದಿಗೆ ಹೋಗುವ ಮಾತು ಬಂದಾಗ, ಮೊದಲ ಮಳೆಗಾಲ ಕಳೆಯಲಿ ಎಂದೆ. ಮುಖ ದಪ್ಪವಾಯಿತು, ಆಗಲಿ.

ವಾರಕ್ಕೊಮ್ಮೆ ನಾನೇ ಅಂಗಳಕ್ಕಿಳಿದು ಟಯರ್ ನೋಡುತ್ತೇನೆ. ಗೀರಿನೊಳಗೆ ಅಲ್ಲಲ್ಲಿ ಚಿಕ್ಕ ಉಬ್ಬುಗಳಿವೆ. ಟಯರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸಬೇಕು. ಮಳೆಗೆ ಚೈನಿನ ಎಣ್ಣೆ ತೊಳೆದುಹೋಗುತ್ತದೆ, ಕಡಲ ಗಾಳಿಗೆ ತುಕ್ಕು ಬೇಗ; ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕುವುದು ಅವನ ಕೆಲಸ. ರೈನ್‌ಕೋಟು ಉದ್ದದ್ದಲ್ಲ, ಪ್ಯಾಂಟು-ಕೋಟು ಬೇರೆ ಬೇರೆ ಇರುವುದು, ಹಳದಿ ಬಣ್ಣದ್ದು. ಕಪ್ಪು ಬುರ್ಖಾ ಧರಿಸಿ ಸಂಜೆ ಸ್ಕೂಟರ್ ಓಡಿಸುವ ನಾವೂ ಬೆನ್ನಿಗೆ ಹೊಳೆಯುವ ಪಟ್ಟಿ ಹಾಕಿಕೊಳ್ಳಬೇಕು. ಹವಾಯಿ ಚಪ್ಪಲಿ ಬೇಡ.

ಇಷ್ಟೆಲ್ಲ ಮಾಡಿದ ನಾನೇ ಜೂನ್ ಮೊದಲ ವಾರ ಒಂದು ತಪ್ಪು ಮಾಡಿದೆ. ಸಂಜೆ ಆರೂವರೆ, ಜಡಿಮಳೆ, ಮಗ ಬಂದಿರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಹೀಗೆ ಒಂಬತ್ತು ಸಲ. ಮನೆಗೆ ಬಂದವನು ನಡುಗುತ್ತಿದ್ದ. ‘ಜೇಬಿನಲ್ಲಿ ಫೋನ್ ಕುಣಿಯುತ್ತಿತ್ತು ಉಮ್ಮಾ, ನಿಮಗೇ ಏನೋ ಆಗಿದೆ ಎಂದು ವೇಗವಾಗಿ ಬಂದೆ’ ಎಂದ. ಪರ್ಕಳದ ಇಳಿಜಾರಿನಲ್ಲಿ ಒಮ್ಮೆ ಚಕ್ರ ಜಾರಿತಂತೆ. ನಾನು ಕೂತಲ್ಲೇ ಕೂತೆ. ಆ ಮೇಲೆ ನಮ್ಮಲ್ಲೊಂದು ಒಪ್ಪಂದವಾಯಿತು. ಹೊರಡುವಾಗ ಅವನೇ ಒಂದು ಮೆಸೇಜ್ ಹಾಕುತ್ತಾನೆ, ಮಳೆಗೆ ನಿಂತರೆ ಇನ್ನೊಂದು. ದಾರಿಯಲ್ಲಿರುವಾಗ ಮನೆಯಿಂದ ಯಾರೂ ಕರೆ ಮಾಡುವಂತಿಲ್ಲ, ಅಜ್ಜಿಯೂ ಸೇರಿ.

ನಿನ್ನೆ ಏಳಕ್ಕೆ ಮೆಸೇಜ್ ಬಂತು: ‘ಹಿರಿಯಡ್ಕ, ಅಂಗಡಿ ಜಗಲಿ, ಜೋರು ಮಳೆ.’ ಅವನು ಮನೆ ಸೇರಿದ್ದು ಎಂಟೂವರೆಗೆ. ಅನ್ನ ತಣ್ಣಗಾಗಿತ್ತು, ಮತ್ತೊಮ್ಮೆ ಬಿಸಿ ಮಾಡಿದೆ.