ಒಂದು ದಿರ್ಹಮಿನ ಪ್ರಯಾಣ

ದುಬೈಯಿಂದ ರಜೆಯಲ್ಲಿ ಬಂದಿದ್ದ ಪರಿಚಯದವರೊಬ್ಬರ ಮನೆಯಲ್ಲಿ ಮೊನ್ನೆ ಕುಳಿತಿದ್ದೆವು. ಹದಿನಾಲ್ಕು ವರ್ಷದಿಂದ ಅವರಿಗೆ ದೇರಾದಲ್ಲಿ ಅಂಗಡಿ ಕೆಲಸ. ಪೆಟ್ಟಿಗೆ ಬಿಚ್ಚಿ ಟ್ಯಾಂಗ್, ಹಾಲಿನ ಪುಡಿ, ಕಂಬಳಿ ಎಲ್ಲ ಹಂಚಿ ಆಗಿತ್ತು. ಏಳನೇ ಕ್ಲಾಸಿನ ಮಗಳು ಕೇಳಿದಳು: "ಉಪ್ಪ, ದುಬೈಯಲ್ಲಿ ನೀವು ಏನೆಲ್ಲ ನೋಡಿದ್ದೀರಿ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ಬುರ್ಜ್ ಖಲೀಫಾ ನೋಡಿದ್ದೇನೆ, ಕೆಳಗಿನಿಂದ" ಅಂದರು. ಮತ್ತೆ? ರೂಮು, ಅಂಗಡಿ, ಮಸೀದಿ, ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್. ಕೂತವರೆಲ್ಲ ನಕ್ಕರು. ಅವರು ನಗಲಿಲ್ಲ.

ಒಬ್ಬರಾದರೂ ಗಲ್ಫಿನಲ್ಲಿ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಆದರೆ ಹದಿನೈದು, ಇಪ್ಪತ್ತು ವರ್ಷ ಬದುಕಿದ ಊರನ್ನು ಸರಿಯಾಗಿ ನೋಡಿದವರು ಎಷ್ಟು ಜನ? ವಿಸಿಟ್ ವೀಸಾದಲ್ಲಿ ಮನೆಯವರು ಬಂದರೆ ಒಂದು ತಿಂಗಳು ಓಡಾಟ. ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ ಮೇಲೆ ಮತ್ತೆ ಅದೇ ರೂಮು, ಅದೇ ಅಂಗಡಿ. ಫ್ಯಾಮಿಲಿ ಜೊತೆ ಇರುವವರದ್ದೂ ಹೆಚ್ಚು ಬೇರೆ ಅಲ್ಲ. ಅವರ ಮಕ್ಕಳಿಗೆ ಮಾಲ್‌ಗಳ ಹೆಸರು ಬಾಯಿಪಾಠ, ಊರಿನ ಗುರುತು ಮಾತ್ರ ಇಲ್ಲ.

ಹನ್ನೆರಡು ಗಂಟೆ ನಿಂತು ಕೆಲಸ ಮಾಡುವವರಿಗೆ ಸುತ್ತಾಡಿ ಎಂದು ಇಲ್ಲಿ ಕೂತು ಉಪದೇಶ ಮಾಡುವುದು ಸುಲಭ, ಗೊತ್ತು. ಸಿಗುವ ಒಂದು ರಜೆಯಲ್ಲಿ ಬಟ್ಟೆ ಒಗೆಯಬೇಕು, ನಿದ್ದೆ ಮಾಡಬೇಕು, ಮನೆಗೆ ಫೋನು ಮಾಡಬೇಕು. ಆದರೆ ಸಮಯಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. 'ನಾವು ಬಂದದ್ದು ದುಡಿಯಲಿಕ್ಕೆ, ತಿರುಗಲಿಕ್ಕಲ್ಲ' ಎಂಬ ಮಾತು. ತನಗಾಗಿ ಒಂದು ದಿರ್ಹಮ್ ಖರ್ಚು ಮಾಡಿದರೆ ಉಮ್ಮನ ಮದ್ದಿನ ಹಣ, ತಂಗಿಯ ಮದುವೆಯ ಹಣ ಕದ್ದ ಹಾಗೆ ಅನಿಸುವುದು. ಈ ಮಾತನ್ನು ಹುಡುಗರ ತಲೆಗೆ ತುಂಬಿದವರು ಊರಲ್ಲಿರುವ ನಾವೇ. ಫೋನಿನಲ್ಲಿ 'ಹಣ ಹಾಕಿದೆಯಾ' ಎಂದು ಕೇಳುತ್ತೇವೆ. 'ಇವತ್ತು ಎಲ್ಲಿಗೆ ಹೋಗಿದ್ದೆ' ಎಂದು ಕೇಳಿದ್ದು ನೆನಪಿದೆಯೇ?

ದೇರಾದಿಂದ ಬರ್ ದುಬೈಗೆ ಕ್ರೀಕ್ ದಾಟಿಸುವ ಅಬ್ರಾಕ್ಕೆ ಒಂದೇ ಒಂದು ದಿರ್ಹಮ್. ಮರದ ದೋಣಿ, ನಡುವೆ ಬೆಂಚು, ಸುತ್ತ ಎಲ್ಲ ದೇಶದ ಜನ. ಐದಾರು ನಿಮಿಷದಲ್ಲಿ ಆಚೆ ದಡ. ನೂರಾರು ದಿರ್ಹಮ್ ಕೊಟ್ಟು ಗೋಪುರ ಹತ್ತಿದವರು ನೋಡುವುದು ಹೊಸ ದುಬೈ. ಈ ದೋಣಿಯಲ್ಲಿ ಕೂತವನಿಗೆ ಕಾಣುವುದು ಆ ಊರು ಹುಟ್ಟಿದ ಜಾಗ. 1966ರಲ್ಲಿ ಎಣ್ಣೆ ಸಿಗುವ ಮೊದಲೂ ಅಲ್ಲಿ ವ್ಯಾಪಾರ ಇತ್ತು, ಮುತ್ತು ಇತ್ತು, ಹಡಗು ಇತ್ತು. ದೇರಾ ಕಡೆಯ ದಡದಲ್ಲಿ ಇವತ್ತಿಗೂ ಮರದ ಹಡಗುಗಳು ಸಾಲಾಗಿ ನಿಂತು ಫ್ರಿಜ್, ಟಯರ್, ಅಕ್ಕಿ ಮೂಟೆ ತುಂಬಿಸಿಕೊಂಡು ಇರಾನ್, ಸೊಮಾಲಿಯಾ ಕಡೆಗೆ ಹೊರಡುತ್ತವೆ. ಮಂಗಳೂರು ಬಂದರದಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಮಂಜಿಗಳನ್ನು ಕಂಡವರಿಗೆ ಅದರ ಮುಂದೆ ನಿಂತಾಗ ಪರವೂರು ಅನಿಸುವುದಿಲ್ಲ.

ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ಅಲ್ ಫಹೀದಿಯ ಹಳೆ ಓಣಿಗಳು. ಮಾಡಿನ ಮೇಲೆ ಚೌಕದ ಗಾಳಿ ಗೋಪುರಗಳು. ಕರೆಂಟು, ಎ.ಸಿ. ಇಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದ ಉಪಾಯ. ಎ.ಸಿ. ಕೆಟ್ಟ ದಿನ ರೂಮಿನಲ್ಲಿ ಬೆವರಿದವರು ಇದನ್ನು ಒಮ್ಮೆ ನೋಡಬೇಕು. ಹತ್ತಿರದಲ್ಲೇ 1787ರ ಕೋಟೆ. ಕ್ರೀಕಿನ ಬಾಯಿಯ ಕಡೆ ನಡೆದರೆ ಶಿಂದಗದಲ್ಲಿ 1896ರಲ್ಲಿ ಕಟ್ಟಿದ ಶೇಖ್ ಸಯೀದರ ಮನೆ. ಚಳಿಗಾಲದಲ್ಲಾದರೆ ಕ್ರೀಕಿನ ಇನ್ನೊಂದು ತುದಿಗೆ, ರಾಸ್ ಅಲ್ ಖೋರ್‌ಗೆ ಹೋಗಬಹುದು. ಎತ್ತರದ ಕಟ್ಟಡಗಳ ಬುಡದಲ್ಲೇ, ಕೆಸರು ನೀರಿನಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳ ಹಿಂಡು.

ಇನ್ನೊಂದು ವಿಷಯ ನಮ್ಮ ಹುಡುಗರಿಗೆ ಯಾರೂ ಹೇಳಿದ ಹಾಗಿಲ್ಲ. 1966ರವರೆಗೆ ದುಬೈಯಲ್ಲಿ ನಡೆಯುತ್ತಿದ್ದ ಹಣ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತ್ತು. ದಿರ್ಹಮ್ ಬಂದದ್ದು 1973ರಲ್ಲಿ. ಇವತ್ತು ರೇಟು ಏರಿತಾ ಇಳಿಯಿತಾ ಎಂದು ಎಕ್ಸ್‌ಚೇಂಜಿನ ಮುಂದೆ ನಿಂತು ನೋಡುತ್ತೇವಲ್ಲ, ಅಜ್ಜಂದಿರ ಕಾಲದಲ್ಲಿ ಆ ಲೆಕ್ಕವೇ ಬೇಕಿರಲಿಲ್ಲ. ಆ ಊರಿಗೂ ನಮಗೂ ಇರುವ ನಂಟು ವೀಸಾದ ತಾರೀಕಿನಿಂದ ಶುರುವಾದದ್ದಲ್ಲ.

ಸೆಲ್ಫಿಗಾಗಿ ಸಾಲ ಮಾಡಿ ತಿರುಗುವವರೂ ಇದ್ದಾರೆ, ಅವರ ಮಾತು ಬಿಡಿ. ನಾವು ಹೇಳುವುದು ತಿಂಗಳಿಗೊಂದು ಸಂಜೆಯ ಬಗ್ಗೆ. ಗಲ್ಫಿನಲ್ಲಿ ಹೆಚ್ಚಿನವರಿಗೆ ಶಾಶ್ವತ ನೆಲೆ ಇಲ್ಲ. ವೀಸಾ ಮುಗಿದ ಮೇಲೆ ಹೊರಡಬೇಕು, ಮತ್ತೆ ಹೋಗಲು ಆಗುತ್ತದೋ ಇಲ್ಲವೋ. ಕಟ್ಟಿದ ಮನೆ ಊರಲ್ಲಿ ನಿಂತಿರುತ್ತದೆ. ಯೌವನ ಕಳೆದ ಊರಿನ ಬಗ್ಗೆ ಹೇಳಲು ಬಾಯಲ್ಲಿ ಒಂದು ಕಥೆಯೂ ಇರುವುದಿಲ್ಲ.

ಆ ಪರಿಚಯದವರು ರಜೆ ಮುಗಿಸಿ ಹೋದ ಮೇಲೆ ಒಂದು ಶುಕ್ರವಾರ ಅಬ್ರಾದಲ್ಲಿ ಕೂತು ಮಗಳಿಗೆ ವಿಡಿಯೋ ಕಾಲ್ ಮಾಡಿದರಂತೆ. ನೀರು, ಹಡಗು, ಹಕ್ಕಿ ಎಲ್ಲ ತೋರಿಸಿದರಂತೆ. ಅವಳು ನೋಡಿ ಮುಗಿಸಿ, "ಇಂಥ ಹಡಗು ನಮ್ಮ ಬಂದರದಲ್ಲೂ ಉಂಟಂತೆ ಉಪ್ಪ, ಮುಂದಿನ ಸಲ ಬಂದಾಗ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದಳಂತೆ. ಮಂಗಳೂರಿನಲ್ಲೇ ಹುಟ್ಟಿ ಬೆಳೆದ ಅವರು ಬಂದರದ ದಕ್ಕೆಗೆ ಒಮ್ಮೆಯೂ ಹೋದವರಲ್ಲ.