ಚೀಟಿ ಬೇಡ, ಅಂಕೆ ಬೇಕು

ನಿಪ್ಪಾಣಿಯಲ್ಲಾಗಲಿ ಚಿಕ್ಕೋಡಿಯಲ್ಲಾಗಲಿ ಕಿವಿ ಮಷಿನ್ ಕೊಳ್ಳಲು ಹೋದವರನ್ನು ‘ಡಾಕ್ಟರ್ ಚೀಟಿ ಎಲ್ಲಿ?’ ಎಂದು ಯಾರೂ ತಡೆಯುವುದಿಲ್ಲ. ಅಂಗಡಿಯವರೆಗೆ ಹೋಗುವ ಕೆಲಸವೂ ಈಗಿಲ್ಲ. ಮಗನೋ ಮೊಮ್ಮಗನೋ ಮೊಬೈಲಿನಲ್ಲಿ ಒತ್ತಿದರೆ ಸಾವಿರ ರೂಪಾಯಿ ಆಸುಪಾಸಿನ ಡಬ್ಬಿಯೊಂದು ರಾಯಬಾಗದ ತೋಟಪಟ್ಟಿಯ ಮನೆಗೂ ಬಂದು ಬೀಳುತ್ತದೆ. ಚೀಟಿ ಇಲ್ಲದೆ ಶ್ರವಣ ಸಾಧನ ಮಾರಬಹುದೇ ಎಂದು ನಾವು ಚರ್ಚೆಗೆ ಕೂಡುವ ಹೊತ್ತಿಗೆ ಮಾರಾಟ ನಡೆದೇ ಹೋಗಿದೆ. ಹಾಗಾಗಿ ನನ್ನ ಪ್ರಶ್ನೆ ಬೇರೆ. ಹೇಗಿದ್ದರೂ ಚೀಟಿ ಇಲ್ಲದೆ ಮಾರಾಟವಾಗುತ್ತಿರುವ ಈ ವಸ್ತುವಿಗೆ ಯಾವ ಅಂಕೆಯಿದೆ, ಯಾವುದು ಇರಬೇಕು?

ಚೀಟಿ ತೆಗೆಯುವ ಮಾತು ದೊಡ್ಡದಾಗಿ ಕೇಳಿಬಂದದ್ದು ಅಮೆರಿಕದಿಂದ. ಅಲ್ಲಿ ಒಂದು ಜೊತೆ ಸಾಧನಕ್ಕೆ ನಾಲ್ಕು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿತ್ತು. ಪರೀಕ್ಷೆ, ಜೋಡಣೆ, ಮರುಭೇಟಿಯ ಖರ್ಚೆಲ್ಲ ಅದರೊಳಗೇ ಸೇರಿರುತ್ತಿತ್ತು. 2017ರಲ್ಲಿ ಕಾನೂನು ಬಂತು, 2022ರ ಅಕ್ಟೋಬರ್ 17ರಂದು ನಿಯಮ ಜಾರಿಗೆ ಬಂತು. ಹದಿನೆಂಟು ದಾಟಿದ, ಕೇಳುವುದು ಅಲ್ಪ ಅಥವಾ ಮಧ್ಯಮ ಮಟ್ಟದಲ್ಲಿ ಕುಂದಿದೆ ಎಂದು ತನಗೆ ಅನ್ನಿಸಿದ ಯಾರು ಬೇಕಾದರೂ ಪರೀಕ್ಷೆಯಿಲ್ಲದೆ, ಚೀಟಿಯಿಲ್ಲದೆ ಅಂಗಡಿಯಿಂದ ಸಾಧನ ಒಯ್ಯಬಹುದು. ಈ ಬಿಡುಗಡೆಯ ಸುದ್ದಿ ಬೇಗ ಹರಡಿತು. ಅದೇ ನಿಯಮದ ಇನ್ನರ್ಧ ಯಾರ ಕಿವಿಗೂ ಬಿದ್ದಂತಿಲ್ಲ. ಆ ಸಾಧನ ಹೊರಡಿಸುವ ಸದ್ದು 111 ಡೆಸಿಬಲ್ ಮೀರಬಾರದು. ಜೋರು ಸದ್ದನ್ನು ತಾನೇ ಹಿಡಿದು ತಗ್ಗಿಸುವ ವ್ಯವಸ್ಥೆ ಇದ್ದರೆ 117ರವರೆಗೆ ಹೋಗಬಹುದು. ಧ್ವನಿ ಏರಿಸಿ ಇಳಿಸುವ ಅಧಿಕಾರ ಹಾಕಿಕೊಂಡವರ ಕೈಯಲ್ಲೇ ಇರಬೇಕು. ಯಾವ ಲಕ್ಷಣ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು, ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಬೇಕು. ಅಂದರೆ ಅವರು ಚೀಟಿಯನ್ನು ತೆಗೆದು ಅದರ ಜಾಗಕ್ಕೆ ಅಂಕೆ ತಂದರು. ನಮ್ಮಲ್ಲಿ ಚೀಟಿ ಮೊದಲೇ ಇರಲಿಲ್ಲ, ಅಂಕೆ ಇನ್ನೂ ಬಂದಿಲ್ಲ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯ ಅಡಿ ಬಂದಿವೆ, ನಿಜ. ಆದರೆ ಡಬ್ಬಿಯ ಮೇಲೆ ‘ಸೌಂಡ್ ಆಂಪ್ಲಿಫೈಯರ್’ ಎಂದು ಬರೆದು, ಪಕ್ಕದಲ್ಲಿ ನಗುವ ಅಜ್ಜನ ಚಿತ್ರ ಹಾಕಿ ಮಾರಿದರೆ ಕೇಳುವವರು ಕಡಿಮೆ.

ಇಂಥ ಡಬ್ಬಿಯಲ್ಲಿ ಏನಿರುತ್ತದೆ ಎಂದು ತಿಳಿಯಬೇಕಾದರೆ ವಯಸ್ಸಾದ ಕಿವಿ ಹೇಗೆ ಸೋಲುತ್ತದೆ ಎಂದು ತಿಳಿಯಬೇಕು. ಅದು ಎಲ್ಲ ಸದ್ದಿಗೂ ಒಟ್ಟಿಗೇ ಮಂದವಾಗುವುದಿಲ್ಲ. ಮೊದಲು ಹೋಗುವುದು ಮೇಲಿನ ಶ್ರುತಿಪಟ್ಟಿಯ ಸದ್ದುಗಳು. ಮಾತಿನಲ್ಲಿ ಅಲ್ಲಿರುವವು ಸ, ಶ, ತ, ಕ, ಪ ಇಂಥ ವ್ಯಂಜನಗಳು. ಆ, ಓ, ಊ ಮುಂತಾದವು ಕೆಳಗಿನ ಪಟ್ಟಿಯಲ್ಲಿ ಗಟ್ಟಿಯಾಗಿ ಉಳಿದಿರುತ್ತವೆ. ಅದಕ್ಕೇ ನಮ್ಮ ಕಡೆಯ ಹಿರಿಯರು ಹೇಳುವುದು: ‘ಕೇಳಸ್ತೈತ್ರಿ, ಏನಂದ್ರಿ ಅನ್ನೂದು ತಿಳೀಲಿಲ್ಲ.’ ಇದು ನೆಪವಲ್ಲ, ಅಚ್ಚುಕಟ್ಟಾದ ರೋಗಲಕ್ಷಣ. ಇನ್ನೊಂದು ಸಂಕಟವೂ ಜೊತೆಗಿರುತ್ತದೆ. ಸಣ್ಣ ಸದ್ದು ಕೇಳದ ಕಿವಿಗೆ ದೊಡ್ಡ ಸದ್ದು ಮೊದಲಿನಷ್ಟೇ ದೊಡ್ಡದಾಗಿ, ಕೆಲವೊಮ್ಮೆ ಇನ್ನೂ ಕಠೋರವಾಗಿ ಕೇಳುತ್ತದೆ. ಒಳ್ಳೆಯ ಸಾಧನ ಮಾಡುವ ಕೆಲಸವೆಂದರೆ ಕುಂದಿದ ಪಟ್ಟಿಯನ್ನಷ್ಟೇ ಎತ್ತುವುದು, ಜೋರಾದದ್ದನ್ನು ಹಿಡಿದಿಡುವುದು. ಅಗ್ಗದ ಡಬ್ಬಿ ಬಂದದ್ದನ್ನೆಲ್ಲ ಒಂದೇ ಸಮ ಏರಿಸುತ್ತದೆ.

ನಮ್ಮ ಪರಿಚಯದ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಮೊಮ್ಮಗ ತರಿಸಿಕೊಟ್ಟ ಮಷಿನ್ ಹಾಕಿಕೊಂಡು ಅವರು ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಸೊಸೆ ತಾಟುಗಳನ್ನು ಬುಟ್ಟಿಗೆ ಹಾಕಿದ ಸದ್ದಿಗೆ ಬೆಚ್ಚಿ ಎರಡೂ ಕೈಯಿಂದ ಕಿವಿ ಮುಚ್ಚಿದರು. ಮುಚ್ಚಿದ ಕೂಡಲೇ ಮಷಿನ್ ಕುಂಯ್ ಎಂದು ಚೀರಿತು. ಎದುರಿಗೆ ಕೂತ ನಾನು ಆಡಿದ ಮಾತು ಮಾತ್ರ ಅವರಿಗೆ ಮೊದಲಿನಷ್ಟೇ ಅಸ್ಪಷ್ಟ. ಆಮೇಲೆ ಒಂದು ಶಿಬಿರದಲ್ಲಿ ಅವರಿಗೆ ಕಿವಿಯ ಹಿಂದೆ ಕೂಡಿಸುವ ಬೇರೊಂದು ಮಷಿನ್ ಸಿಕ್ಕಿತು. ಅದು ಎಷ್ಟೋ ವಾಸಿ. ಆದರೆ ಅದರ ಸೆಲ್ಲು ಗಾಳಿಯಿಂದ ನಡೆಯುವ ಸತುವಿನ ಸೆಲ್ಲು. ಹಿಂದಿನ ಬಣ್ಣದ ಚೀಟಿ ಕಿತ್ತ ಕೂಡಲೇ ಗಾಳಿ ಹೊಕ್ಕು ಕೆಲಸ ಶುರುವಾಗುತ್ತದೆ, ಬಳಸಿದರೂ ಬಿಟ್ಟರೂ ಖರ್ಚಾಗುತ್ತ ಹೋಗುತ್ತದೆ. ಮಾಸ್ತರರು ಉಳಿತಾಯದ ಮನುಷ್ಯ. ರಾತ್ರಿ ಸೆಲ್ಲು ತೆಗೆದು ಅದೇ ಕಿತ್ತಳೆ ಚೀಟಿಯನ್ನು ಮತ್ತೆ ಅಂಟಿಸಿಡುತ್ತಿದ್ದರು. ಅದರಿಂದ ಹೆಚ್ಚೇನೂ ಉಳಿಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಿತ್ತಳೆ ಬಣ್ಣ ಅಂದರೆ 13ನೇ ನಂಬರು, ಅಂಗಡಿಯಲ್ಲಿ ಅದನ್ನೇ ಕೇಳಬೇಕು ಎಂದೂ ಹೇಳಿರಲಿಲ್ಲ. ಕೊಟ್ಟ ಸೆಲ್ಲು ಮುಗಿದ ದಿನ ಆ ಮಷಿನ್ನೂ ಟ್ರಂಕಿಗೆ ಸೇರಿತು.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲಿ ಕಿವಿ ಮಂದವಾಗಲು ವಯಸ್ಸೊಂದೇ ಕಾರಣ ಎಂದುಕೊಳ್ಳಬಾರದು. ಕಾಗವಾಡ ತಾಲ್ಲೂಕಿನ ಉಗಾರದ ಕಾರ್ಖಾನೆ 1939ರಷ್ಟು ಹಳೆಯದು. ಆಮೇಲೆ ಕೃಷ್ಣಾ, ದೂಧಗಂಗಾ ದಂಡೆಯುದ್ದಕ್ಕೂ ಸಕ್ಕರೆ ಕಾರ್ಖಾನೆಗಳು ಎದ್ದವು. ಕಬ್ಬು ಅರೆಯುವ ಮಿಲ್ಲಿನ ಬದಿಗೆ, ಟರ್ಬೈನಿನ ಬದಿಗೆ ಹಂಗಾಮಿನುದ್ದಕ್ಕೂ ಪಾಳಿ ಮಾಡಿದವರಿದ್ದಾರೆ. ಗಡಿಯಾಚೆಯ ಇಚಲಕರಂಜಿಯ ಮಗ್ಗಗಳಿಗೆ ಹೋಗಿ ಬರುವವರಿದ್ದಾರೆ. ಗಿರಣಿಯವರು, ಟ್ರ್ಯಾಕ್ಟರಿನವರು ಬೇರೆ. ಕಬ್ಬಿನ ಟ್ರ್ಯಾಕ್ಟರಿಗೆ ಇಂಜಿನ್ನಿನ ಸದ್ದು ಸಾಲದೆಂದು ಮೇಲೊಂದು ಟೇಪಿನ ಅಬ್ಬರ ಬೇರೆ ಇರುತ್ತದೆ. ಅದು ಸಂತೋಷಕ್ಕೆ ಹಚ್ಚಿಕೊಂಡ ಜಡ್ಡು. ಸದ್ದಿನಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲೇ ಇತ್ತು. ಆದರೆ ಐವತ್ತೈದರ ಮಿಲ್ ಕೆಲಸಗಾರ ತನ್ನ ಕಿವಿಯನ್ನು ಆ ಕಾಯ್ದೆಗೆ ಜೋಡಿಸಿ ನೋಡುವುದಿಲ್ಲ. ‘ವಯಸ್ಸಾತು’ ಅಂದು ಸುಮ್ಮನಾಗುತ್ತಾನೆ.

ಸರಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಗವಿಕಲರಿಗೆ ಸಾಧನ ಕೊಡುವ ‘ಅಡಿಪ್’ ಯೋಜನೆ 1981ರಿಂದ ಇದೆ. ಕಾನ್ಪುರದ ಅಲಿಮ್ಕೋ ಸಂಸ್ಥೆಯ ಮಷಿನ್‌ಗಳು ಶಿಬಿರಗಳ ಮೂಲಕ ಹಳ್ಳಿಗಳಿಗೆ ಬಂದಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ತಜ್ಞರನ್ನು ತಯಾರು ಮಾಡುತ್ತಿದೆ, ಕನ್ನಡದಲ್ಲೇ ಮಾತಿನ ಪರೀಕ್ಷೆಗಳನ್ನು ರೂಪಿಸಿದೆ. ಆದರೆ ಯೋಜನೆಯ ಬಾಗಿಲಲ್ಲಿ ಒಂದು ಅಳತೆಗೋಲು ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟವಾಗಿದ್ದರೆ ಮಾತ್ರ ‘ಮಂದ ಶ್ರವಣ’. 70 ಮುಟ್ಟಿದರೆ ಕಿವುಡು. ವಿಶ್ವ ಆರೋಗ್ಯ ಸಂಸ್ಥೆಯಾದರೋ ಒಳ್ಳೆಯ ಕಿವಿಯಲ್ಲಿ 35 ಡೆಸಿಬಲ್ ದಾಟಿದರೇ ನೆರವು ಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ಜಗತ್ತಿನಲ್ಲಿ 43 ಕೋಟಿ ಜನಕ್ಕೆ ನೆರವು ಬೇಕು ಎಂದು 2021ರ ಅದರ ವರದಿ ಹೇಳಿದೆ. 35ಕ್ಕೂ 60ಕ್ಕೂ ನಡುವಿನ ಇಪ್ಪತ್ತೈದು ಡೆಸಿಬಲ್‌ನಲ್ಲಿ ಬದುಕುವವರು ಯಾರು? ಪಂಚಾಯಿತಿ ಸಭೆಗೆ ಹೋಗುವುದು ಬಿಟ್ಟವರು, ಫೋನು ಬಂದರೆ ಹೆಂಡತಿಯ ಕೈಗೆ ಕೊಡುವವರು, ಮದುವೆ ಮನೆಯಲ್ಲಿ ಎಲ್ಲರೂ ನಕ್ಕಾಗ ತಾವೂ ನಗುವವರು. ಕಾಯ್ದೆಯ ಕಣ್ಣಿಗೆ ಇವರಿಗೆ ಏನೂ ಆಗಿಲ್ಲ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಸ್ವಲ್ಪ ಆಸರೆ. ಅದೂ ಅರವತ್ತು ತುಂಬಿದವರಿಗೆ, ಬಡತನದ ದಾಖಲೆ ಇದ್ದವರಿಗೆ, ಹೆಚ್ಚಾಗಿ ಶಿಬಿರ ಬಂದಾಗ.

ಉಳಿದವರಿಗಿರುವ ದಾರಿ ಬಸ್ಸು. ಅಥಣಿ, ಕಾಗವಾಡ, ರಾಯಬಾಗದವರು ಕಿವಿ ತೋರಿಸಲು ಮಿರಜಕ್ಕೆ ಹೋಗುತ್ತಾರೆ. ಒಂದು ಶತಮಾನಕ್ಕೂ ಮೇಲಿನಿಂದ ಆ ಊರು ಈ ಸೀಮೆಯ ಆಸ್ಪತ್ರೆ (ತಂಬೂರಿ, ಸಿತಾರು ಮಾಡುವ ಊರೂ ಅದೇ, ಕಿವಿ ಚೆನ್ನಾಗಿದ್ದಾಗ ಹೋಗಲೂ ಕಾರಣವಿತ್ತು). ನಿಪ್ಪಾಣಿಯವರಿಗೆ ಕೊಲ್ಲಾಪುರ, ಚಿಕ್ಕೋಡಿಯವರಿಗೆ ಬೆಳಗಾವಿ. ಒಂದೇ ಸಲ ಹೋದರೆ ಮುಗಿಯುವುದಿಲ್ಲ: ಪರೀಕ್ಷೆಗೊಮ್ಮೆ, ಅಚ್ಚು ತೆಗೆಸಲೊಮ್ಮೆ, ಜೋಡಿಸಲೊಮ್ಮೆ, ‘ಗೊಂಯ್ ಅಂತೈತ್ರಿ’ ಎಂದು ಮತ್ತೊಮ್ಮೆ. ಪ್ರತಿ ಸಲವೂ ಜೊತೆಗೊಬ್ಬರು, ಒಂದು ದಿನದ ಪಗಾರ. ಅಲ್ಲಿ ಹೇಳುವ ಬೆಲೆ ಲಕ್ಷದ ಹತ್ತಿರ ಹೋದರೆ, ಟನ್ನಿಗೆ ಮೂರು ಸಾವಿರ ಚಿಲ್ಲರೆ ಸಿಗುವ ಕಾಲದಲ್ಲಿ ಅದು ಸುಮಾರು ಒಂದೆಕರೆ ಕಬ್ಬಿನ ಪೂರಾ ದುಡ್ಡು. ಗೊಬ್ಬರ, ನೀರು, ಕಟಾವು ಕಳೆಯುವ ಮುಂಚಿನ ದುಡ್ಡು. ಅಜ್ಜನ ಕಿವಿಗೆ ಒಂದೆಕರೆ ಕೊಡುವ ಮನೆಗಳಿವೆ. ಅಜ್ಜಿಯ ಕಿವಿಗೆ ಕೊಡುವ ಮನೆಗಳು ಅಷ್ಟಿಲ್ಲ.

ಹಾಗಾದರೆ ಮನುಷ್ಯ ತಾನೇ ಆರಿಸಿಕೊಂಡ ಸಾಧನ ಕೆಲಸ ಮಾಡುತ್ತದೆಯೇ? ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಲ್ಯಾರಿ ಹ್ಯೂಮ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. 55ರಿಂದ 79 ವಯಸ್ಸಿನ 154 ಜನರನ್ನು ಮೂರು ಗುಂಪು ಮಾಡಿದರು. ಮೂರೂ ಗುಂಪಿಗೆ ಒಂದೇ ಒಳ್ಳೆಯ ಡಿಜಿಟಲ್ ಸಾಧನ. ಒಂದು ಗುಂಪಿಗೆ ತಜ್ಞರು ಅಳೆದು ಜೋಡಿಸಿದರು. ಇನ್ನೊಂದು ಗುಂಪು ಮೊದಲೇ ಹೊಂದಿಸಿಟ್ಟ ಕೆಲವು ಸಾಧನಗಳಲ್ಲಿ ತನಗೆ ಸರಿ ಕಂಡದ್ದನ್ನು ತಾನೇ ಆರಿಸಿತು. ಮೂರನೆಯದಕ್ಕೆ ಸದ್ದನ್ನು ಏರಿಸದ ಹುಸಿ ಜೋಡಣೆ. ತಾವೇ ಆರಿಸಿಕೊಂಡವರಿಗೆ ಆದ ಲಾಭ ತಜ್ಞರ ಗುಂಪಿಗೆ ಹತ್ತಿರ ಹತ್ತಿರವಾಗಿತ್ತು. ತೃಪ್ತಿ ಮಾತ್ರ ಕೊಂಚ ಕಡಿಮೆ, ಟ್ರಯಲ್ ಮುಗಿದ ಮೇಲೆ ಕೊಂಡುಕೊಳ್ಳುತ್ತೇವೆ ಎಂದವರೂ ಕಡಿಮೆ. ಅದೇ ಪ್ರಯೋಗದಲ್ಲಿ ಕೆಲವರಿಗೆ ಬೆಲೆ 3,600 ಡಾಲರ್ ಎಂದೂ ಕೆಲವರಿಗೆ 600 ಎಂದೂ ಹೇಳಿದ್ದರು. ಬೆಲೆಯಿಂದ ಫಲಿತಾಂಶ ಬದಲಾಗಲಿಲ್ಲ. ಇದನ್ನು ಓದಿ ‘ತಜ್ಞರೇ ಬೇಡ’ ಎನ್ನುವವರು ಒಂದು ಮಾತು ಮರೆಯುತ್ತಾರೆ. ಅಲ್ಲಿ ಡಬ್ಬಿಯೊಳಗಿದ್ದದ್ದು ನಿಜವಾದ ಶ್ರವಣ ಸಾಧನ. ಸಾವಿರ ರೂಪಾಯಿಯ ಚೀರುವ ಗುಂಡಿಗೂ ಅದಕ್ಕೂ ಸಂಬಂಧವಿಲ್ಲ.

ಕಿವಿ ಡಾಕ್ಟರರ ಆಕ್ಷೇಪಣೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಎಷ್ಟೋ ಜನಕ್ಕೆ ಬೇಕಾದದ್ದು ಮಷಿನ್ ಅಲ್ಲವೇ ಅಲ್ಲ, ಕಿವಿಯಲ್ಲಿ ಗಟ್ಟಿಯಾದ ಗುಗ್ಗೆ ತೆಗೆಸುವುದು. ಚಿಕ್ಕಂದಿನಿಂದ ಕಿವಿ ಸೋರುವವರು ನಮ್ಮಲ್ಲಿ ಬಹಳ. ಸೋರುವ ಕಿವಿಗೆ ಮಷಿನ್ ತುರುಕಿದರೆ ಜಡ್ಡು ಹೆಚ್ಚುತ್ತದೆ, ತಮಟೆಯ ತೂತನ್ನು ಆಪರೇಷನ್‌ನಿಂದ ಮುಚ್ಚಬಹುದಾದ ಅವಕಾಶವೂ ತಪ್ಪುತ್ತದೆ. ಒಂದೇ ಕಿವಿ ಮಂದವಾದರೆ, ರಾತ್ರಿ ಮಲಗಿ ಬೆಳಗ್ಗೆ ಏಳುವುದರೊಳಗೆ ಕೇಳದಂತಾದರೆ, ತಲೆ ತಿರುಗಿದರೆ ಅಂಗಡಿಗಲ್ಲ, ಆಸ್ಪತ್ರೆಗೇ ಹೋಗಬೇಕು, ಅದೂ ತಡಮಾಡದೆ. ಮಕ್ಕಳ ವಿಷಯದಲ್ಲಂತೂ ನನಗೆ ಎರಡನೇ ಮಾತಿಲ್ಲ. ಮಾತು ಕಲಿಯುವ ವಯಸ್ಸಿನ ಮಗುವಿಗೆ ಅಳತೆಯಿಲ್ಲದ ಮಷಿನ್ ಹಾಕುವುದು ಅಪರಾಧಕ್ಕೆ ಸಮ. ಇಷ್ಟೆಲ್ಲ ಒಪ್ಪಿಯೂ ಕೇಳುತ್ತೇನೆ: ಈ ಎಚ್ಚರಿಕೆಗಳು ಆರೇಳು ಸಾಲಿನಲ್ಲಿ ಮುಗಿದವು. ಇವನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ, ಈ ಗಡಿಸೀಮೆಗೆ ಮರಾಠಿಯಲ್ಲೂ, ದಪ್ಪಕ್ಷರದಲ್ಲಿ ಅಚ್ಚು ಹಾಕಲು ಏನು ಅಡ್ಡಿ? ನಲವತ್ತು ದಾಟಿದವರು ಓದುವ ಚಾಳೀಸನ್ನು ಸಂತೆಯಲ್ಲೇ ಹಾಕಿ ನೋಡಿ ಕೊಳ್ಳುತ್ತಾರೆ. ಪೊರೆ ಬಂದವರಿಗೆ ಅದರಿಂದ ಉಪಯೋಗವಿಲ್ಲ ಎಂದು ನಾವು ಚಾಳೀಸಿನ ಮಾರಾಟ ನಿಲ್ಲಿಸಿಲ್ಲ. ತಜ್ಞರು ಸಾಕಷ್ಟಾಗುವವರೆಗೆ ಕಾಯೋಣ ಎಂದರೆ ಈಗ ಅರವತ್ತೈದು ಆದವರು ಕಾಯುತ್ತಲೇ ಹೋಗಿಬಿಡುತ್ತಾರೆ.

ಬೇಡಿಕೆ ಎಷ್ಟು ತೀವ್ರವಾಗಿದೆ ಎಂಬುದಕ್ಕೆ ಬೆಂಗಳೂರಿನದೇ ಒಂದು ತಮಾಷೆಯ ಸಾಕ್ಷಿ ಇದೆ. ಆಪಲ್ ಕಂಪನಿ 2024ರಲ್ಲಿ ತನ್ನ ಏರ್‌ಪಾಡ್ಸ್ ಪ್ರೊ ಇಯರ್‌ಫೋನಿಗೆ ಶ್ರವಣ ಸಾಧನದ ಸೌಲಭ್ಯ ಕೊಟ್ಟಾಗ ಅದು ಭಾರತದಲ್ಲಿ ತೆರೆದುಕೊಳ್ಳಲಿಲ್ಲ. ಅಜ್ಜಿಗೆ ಬೇಕೆಂದು ಅಲ್ಲಿನ ಮೂವರು ಯುವಕರು ಲೋಹದ ಹಾಳೆ ಸುತ್ತಿದ ಪೆಟ್ಟಿಗೆ ಮಾಡಿ, ಪಕ್ಕದಲ್ಲಿ ಮೈಕ್ರೋವೇವ್ ಒಲೆ ಹಚ್ಚಿ ಸುತ್ತಲಿನ ಸಿಗ್ನಲ್ ಕೆಡಿಸಿ, ಸಾಧನಕ್ಕೆ ತಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ ಎಂದು ನಂಬಿಸಿ ಸೌಲಭ್ಯ ತೆರೆದರು. ಜಾಣ ಮೊಮ್ಮಕ್ಕಳಿದ್ದ ಅಜ್ಜಿಯ ಕೆಲಸವಾಯಿತು. ಉಳಿದ ಅಜ್ಜಿಯರಿಗೆ ನಿಯಮವೇ ಮೊಮ್ಮಗನಾಗಬೇಕು.

ನಾನು ಕೇಳುವ ನಿಯಮ ದೊಡ್ಡದೇನಲ್ಲ. ವಯಸ್ಕರ ಅಲ್ಪ, ಮಧ್ಯಮ ನಷ್ಟಕ್ಕೆ ಚೀಟಿಯಿಲ್ಲದ ಒಂದು ವರ್ಗವನ್ನು ಕೇಂದ್ರ ಸರಕಾರ ಬಹಿರಂಗವಾಗಿಯೇ ಮಾಡಲಿ. ಗರಿಷ್ಠ ಸದ್ದಿಗೆ ಮಿತಿ ಹಾಕಲಿ. ಆ ಮಿತಿ, ಆ ಗುಣಮಟ್ಟ ಮುಟ್ಟದ ಯಾವ ಡಬ್ಬಿಯೂ ಮುದುಕರ ಚಿತ್ರ ಹಾಕಿ ಕಿವಿಯ ಹೆಸರಿನಲ್ಲಿ ಮಾರಾಟವಾಗದಿರಲಿ. ಅಮೆರಿಕದವರು ವಾಪಸಾತಿಯ ವಿವರವನ್ನು ಬರೆಯಲು ಹೇಳಿ ಬಿಟ್ಟರು. ನಾವು ಒಂದು ತಿಂಗಳ ವಾಪಸಾತಿಯನ್ನೇ ಕಡ್ಡಾಯ ಮಾಡಬೇಕು. ಹೊಸ ಸದ್ದಿಗೆ ಮಿದುಳು ಹೊಂದಿಕೊಳ್ಳಲು ವಾರಗಳೇ ಬೇಕು, ನಾಲ್ಕು ದಿನ ಹಾಕಿ ಯಾರಿಗೂ ಗೊತ್ತಾಗುವುದಿಲ್ಲ. ಹ್ಯೂಮ್ಸ್ ಪ್ರಯೋಗದಲ್ಲಿ ತಜ್ಞರಿದ್ದ ಕಡೆ ತೃಪ್ತಿ ಹೆಚ್ಚಿತ್ತಲ್ಲ, ಆ ಪಾಲನ್ನು ತಾಲ್ಲೂಕು ಆಸ್ಪತ್ರೆ ತುಂಬಲಿ: ವಾರದಲ್ಲಿ ಒಂದು ದಿನ, ಸಂತೆಯ ದಿನವೇ ಆದರೆ ಇನ್ನೂ ಒಳ್ಳೆಯದು, ಎಲ್ಲಿ ಕೊಂಡ ಮಷಿನ್ ಆದರೂ ಸರಿ, ಗುಗ್ಗೆ ತೆಗೆದು, ಹಾಕುವುದು ಹೇಗೆಂದು ತೋರಿಸಿ, ಸದ್ದು ಹೊಂದಿಸಿ ಕಳಿಸುವವರು ಒಬ್ಬರಿರಲಿ. ಅದಕ್ಕೆ ಪೂರ್ಣ ಪದವಿಯ ತಜ್ಞರೇ ಬೇಕೆಂದಿಲ್ಲ, ತರಬೇತಾದ ಸಹಾಯಕರು ಸಾಕು. ಕೈಮೀರಿದ್ದನ್ನು ಅವರು ಬೆಳಗಾವಿಗೆ ಬರೆದು ಕಳಿಸಬಹುದು. ಕಿತ್ತಳೆ ಚೀಟಿಯ 13ನೇ ನಂಬರಿನ ಸೆಲ್ಲು, ನೀಲಿ ಚೀಟಿಯ 675 ಉಗಾರದ ಮೆಡಿಕಲ್ ಅಂಗಡಿಯಲ್ಲಿ ಬಿಪಿ ಗುಳಿಗೆಯ ಪಕ್ಕದಲ್ಲೇ ಸಿಗುವಂತಾಗಬೇಕು. ಶಿಬಿರದಲ್ಲಿ ಮಷಿನ್ ಹಂಚುವವರು ಅದೇ ದುಡ್ಡಿನಲ್ಲಿ ಮಷಿನ್ ನಾಲ್ಕು ಕಡಿಮೆ ಹಂಚಿ, ಕೊಟ್ಟ ಪ್ರತಿಯೊಂದಕ್ಕೂ ವರ್ಷದ ಸೆಲ್ಲು ಸೇರಿಸಿ ಕೊಟ್ಟರೂ ನನ್ನ ತಕರಾರಿಲ್ಲ.