ಮನೆಯೊಳಗಿನ ಪಂಕ್ತಿಭೇದ



ಮಲೆನಾಡಿನ ನಮ್ಮ ದೊಡ್ಡ ಮನೆಗಳಲ್ಲಿ ಹೊಸದೊಂದು ಪಂಕ್ತಿಭೇದ ನೆಲೆಯೂರಿದೆ. ಹಿಂದೆ ಅದು ಊಟದ ಎಲೆಯ ಸಾಲಿನಲ್ಲಿತ್ತು. ಇಂದು ವೈ-ಫೈ ತರಂಗದಲ್ಲಿದೆ. ಫೈಬರ್ ಕೇಬಲ್ಲು ರಸ್ತೆಯಿಂದ ಬಂದು ಜಗುಲಿಯಲ್ಲಿ ನಿಲ್ಲುತ್ತದೆ. ರೂಟರ್ ಎಂಬ ಪೆಟ್ಟಿಗೆ ಯಜಮಾನರ ಕುರ್ಚಿಯ ಮೇಲಣ ಗೋಡೆಯನ್ನೇ ಅಲಂಕರಿಸುತ್ತದೆ. ಅಲ್ಲಿ ಕುಳಿತವರಿಗೆ ಕ್ರಿಕೆಟ್ ಪಂದ್ಯ ನಿರಾತಂಕ. ನಡುಮನೆ ದಾಟಿದೊಡನೆ ತರಂಗ ಸೊರಗುತ್ತದೆ. ಅಡುಗೆಮನೆಯಲ್ಲಿ ಅದರ ಸುಳಿವೇ ಇಲ್ಲ. ಹಿಂದಿನ ಕೋಣೆಯಲ್ಲಿ ಮಲಗಿರುವ ಅಜ್ಜಿಗೆ ದೂರದೇಶದ ಮೊಮ್ಮಗಳ ಮುಖ ಚೂರುಚೂರಾಗಿ ಕಾಣುತ್ತದೆ. ಹಣ ಇಡೀ ಮನೆಯದು. ಸೌಲಭ್ಯ ಮಾತ್ರ ಮುಂಬಾಗಿಲಿನವರದು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಇದರ ಕ್ರೌರ್ಯ ಸ್ಪಷ್ಟವಾಗಿ ಕಂಡಿತು. ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನು ಪತ್ರಿಕೆಗಳು ಬರೆದವು. ಆದರೆ ಫೈಬರ್ ಇದ್ದ ಮನೆಗಳೊಳಗೂ ಮಗನಿಗೆ ಜಗುಲಿಯ ಮೇಜು, ಮಗಳಿಗೆ ಒಲೆಯ ಬಳಿಯ ಮಣೆ ಎಂಬ ವಿಂಗಡಣೆ ನಡೆದುದನ್ನು ಯಾರೂ ಬರೆಯಲಿಲ್ಲ. ನಾನು ಅದನ್ನು ಕಣ್ಣಾರೆ ಕಂಡವನು. ಆದುದರಿಂದ "ನಮ್ಮದು ಹಳೆಯ ಮನೆ, ಗೋಡೆ ದಪ್ಪ, ಏನು ಮಾಡುವುದು?" ಎಂದು ವಿಧಿಯ ಮೇಲೆ ಭಾರ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದು ವಿಧಿಯಲ್ಲ, ಸೋಮಾರಿತನ.

ಗೋಡೆ ದಪ್ಪವೆಂಬುದು ನಿಜ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್ ತರಂಗದ್ದು ಸುಮಾರು 6 ಸೆಂಟಿಮೀಟರ್. ಎರಡನೆಯದು ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ. ಮಣ್ಣು, ಜಂಬಿಟ್ಟಿಗೆಗಳ ಗೋಡೆ ಮಳೆಗಾಲದಲ್ಲಿ ತೇವ ಹೀರಿತೆಂದರೆ ತರಂಗವನ್ನು ಇನ್ನಷ್ಟು ನುಂಗುತ್ತದೆ.

ಈ ಕಷ್ಟವನ್ನು ಬಂಡವಾಳ ಮಾಡಿಕೊಂಡವರು "ಬೂಸ್ಟರ್" ಮಾರುವವರು. ಹೆಸರೇ ಮೋಸ. ಅದು ತರಂಗಕ್ಕೆ ಬಲ ತುಂಬುವುದಿಲ್ಲ. ಕೇಳಿದ್ದನ್ನು ಮತ್ತೆ ಹೇಳುತ್ತದೆ, ಅಷ್ಟೇ. ಮೇಷ್ಟ್ರ ದನಿ ಕೇಳಿಸದ ಕೊನೆಯ ಬೆಂಚಿನ ಹುಡುಗನನ್ನು ಎಬ್ಬಿಸಿ, "ಉಳಿದವರಿಗೆ ನೀನು ಪಾಠ ಹೇಳು" ಎಂದರೆ ಏನಾದೀತು? ತರಂಗ ತಲುಪದ ಕೋಣೆಯಲ್ಲಿ ಬೂಸ್ಟರ್ ಸಿಕ್ಕಿಸುವುದೂ ಅದೇ ಬಗೆ. ಜೊತೆಗೆ, ಒಂದೇ ರೇಡಿಯೋ ಇರುವ ಪೆಟ್ಟಿಗೆ ಕೇಳುವಾಗ ಹೇಳಲಾರದು, ಹೇಳುವಾಗ ಕೇಳಲಾರದು. ವೇಗ ಅರ್ಧಕ್ಕೆ ಇಳಿಯುತ್ತದೆ. "ಮೆಶ್" ಎಂಬ ದುಬಾರಿ ಪೆಟ್ಟಿಗೆಗಳು ಇದಕ್ಕಿಂತ ಮೇಲು. ಆದರೆ ಅವುಗಳ ನಡುವಿನ ಮಾತುಕತೆಯೂ ಗಾಳಿಯಲ್ಲೇ ನಡೆದರೆ ಅದೇ ಗೋಡೆ ಅವಕ್ಕೂ ಅಡ್ಡ.

ಪರಿಹಾರ ಸರಳ: ಪ್ರತಿ ತರಗತಿಗೂ ಒಬ್ಬ ಮೇಷ್ಟ್ರು. ಜಗುಲಿಯ ರೂಟರಿನಿಂದ ಅಟ್ಟದ ಮೇಲೆ ಕ್ಯಾಟ್-6 ಕೇಬಲ್ ಎಳೆದು, ನಡುಮನೆಗೊಂದು, ಹಿಂದಿನ ಕೋಣೆಗೊಂದು ಆಕ್ಸೆಸ್ ಪಾಯಿಂಟ್ ಇಡಬೇಕು. ಒಂದು ಎಳೆ 100 ಮೀಟರ್ ಮೀರದಿದ್ದರೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಕುಂದದೆ ತಲುಪುತ್ತದೆ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನು ಹತ್ತಿರದ್ದನ್ನು ತಾನೇ ಆರಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಅವುಗಳಿಗೆ 1, 6, 11ನೆಯ ಚಾನೆಲ್‌ಗಳನ್ನು ಹಂಚಿದರೆ ಒಂದರ ದನಿ ಇನ್ನೊಂದಕ್ಕೆ ಅಡ್ಡಬಾರದು. ಮೂಲೆ ಸೇರಿದ ಹಳೆಯ ರೂಟರಿನಲ್ಲಿ ಡಿಎಚ್‌ಸಿಪಿ ಎಂಬ ವ್ಯವಸ್ಥೆಯನ್ನು ನಿಲ್ಲಿಸಿ, ಹೊಸದರೊಡನೆ ಘರ್ಷಿಸದ ವಿಳಾಸ ಕೊಟ್ಟು, ಕೇಬಲ್ಲನ್ನು ಲ್ಯಾನ್ ಕಿಂಡಿಗೆ ಸಿಕ್ಕಿಸಿದರೆ ಅದೇ ಆಕ್ಸೆಸ್ ಪಾಯಿಂಟ್ ಆಗುತ್ತದೆ. ಡೇಟಾ ಹರಿಯುವ ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಮಾನದಂಡ 2003ರಲ್ಲಿಯೇ ಬಂದಿದೆ. ಅದನ್ನು ಬಳಸಿದರೆ ಜಗುಲಿಯಲ್ಲೊಂದು ಪುಟ್ಟ ಯುಪಿಎಸ್ ಇಟ್ಟು, ಕರೆಂಟು ಹೋದಾಗಲೂ ಮನೆಯೆಲ್ಲವನ್ನೂ ನಡೆಸಬಹುದು. ಮಲೆನಾಡಿನವರಿಗೆ ಇದರ ಬೆಲೆ ಗೊತ್ತು.

"ತಂತಿ ಹಳೆಯ ಕಾಲದ್ದು, ನೋಡಲು ಚೆನ್ನಾಗಿಲ್ಲ" ಎನ್ನುವವರಿದ್ದಾರೆ. ಈಥರ್ನೆಟ್ಟಿನ ಕಲ್ಪನೆ ಅಮೆರಿಕದಲ್ಲಿ ಮೂಡಿದ್ದು 1973ರಲ್ಲಿ, ನಿಜ. ಆದರೆ ಖಂಡಖಂಡಗಳ ನಡುವೆ ಅಂತರಜಾಲದ ಬಹುಪಾಲು ಹರಿಯುವುದು ಇಂದಿಗೂ ಸಮುದ್ರತಳದ ಕೇಬಲ್ಲುಗಳಲ್ಲಿ. ಸಾವಿರಾರು ಮೈಲಿ ಕೇಬಲ್ಲಿನಲ್ಲೇ ಬಂದದ್ದನ್ನು ಕೊನೆಯ ಐವತ್ತು ಅಡಿಯಲ್ಲಿ ಕೈಬಿಡುವುದು ಯಾವ ಜಾಣತನ? ಅಜ್ಜಿಯ ಏಕಾಂತಕ್ಕಿಂತ ಗೋಡೆಯ ಬಣ್ಣ ದೊಡ್ಡದಾಯಿತೇ?

ಎಚ್ಚರಿಕೆಗಳೂ ಇವೆ. ಅಗ್ಗದ ಕೇಬಲ್ಲುಗಳಲ್ಲಿ ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ ಇರುತ್ತದೆ. ಶುದ್ಧ ತಾಮ್ರದ್ದನ್ನೇ ಕೇಳಿ. ದೀಪದ ವಯರು ಹೋಗುವ ಪೈಪಿನಲ್ಲಿ ಇದನ್ನು ತುರುಕಬೇಡಿ. ಅಂಗಳದಾಚೆಯ ಬೇರೆ ಕಟ್ಟಡಕ್ಕೆ ತಾಮ್ರದ ಎಳೆ ಬೇಡ, ಸಿಡಿಲಿನ ಅಪಾಯವುಂಟು. ಅಲ್ಲಿಗೆ ಫೈಬರ್ ಎಳೆಸಿ.

ನನ್ನ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳೂ ಗುತ್ತಿಗೆದಾರರೂ ಅನೇಕರಿದ್ದೀರಿ. ಮೂರು ಮಹಡಿಯ ಮನೆ ಕಟ್ಟಿಸುವಾಗ ಪ್ರತಿ ಕೋಣೆಗೂ ಒಂದು ಬರಿಯ ಪೈಪು ಹಾಕಿಸಲು ನಿಮಗೇನು ಕಷ್ಟ? ಗಿಲಾವು ಮುಗಿದ ಮೇಲೆ ಗೋಡೆ ಒಡೆಯುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಊರಿನ ಮನೆಯಲ್ಲಿ ನೆಟ್‌ವರ್ಕ್ ಇಲ್ಲವೆಂದು ಎರಡೇ ದಿನಕ್ಕೆ ಬೆಂಗಳೂರಿಗೆ ಓಡುವ ಬಂಧುಗಳಿಗೂ ಇದೇ ಮಾತು: ಮುಂದಿನ ಬಾರಿ ಬರುವಾಗ ಸಿಹಿತಿಂಡಿಯ ಪೊಟ್ಟಣದ ಬದಲು ಒಂದು ಸುರುಳಿ ಕೇಬಲ್ ತನ್ನಿರಿ. ಎಳೆದು ಮುಗಿಸಿದ ಮೇಲೆ ವೇಗವನ್ನು ಜಗುಲಿಯಲ್ಲಿ ನಿಂತು ಅಳೆಯಬೇಡಿ. ಅಜ್ಜಿಯ ಮಂಚದ ಪಕ್ಕದಲ್ಲಿ ಕುಳಿತು ಅಳೆಯಿರಿ.

ಇಂತು,
ನಿಮ್ಮ ಮೇಷ್ಟ್ರು